ಫಿರಂಗಿ ಹತ್ತಿದ ದಾರಿಯಲ್ಲಿ ಸೈಕಲ್ಲು

ಆಲ್ಪ್ಸ್‌ನ ಶಾಬೆರ್ತೋನ್ ಬೆಟ್ಟಕ್ಕೆ ಸೈಕಲ್ ಒಯ್ಯುವವರು ಪಂಕ್ಚರ್ ಕಿಟ್‌ಗಿಂತ ಮೊದಲು ಗುರುತಿನ ಕಾಗದ ಇಟ್ಟುಕೊಳ್ಳಬೇಕು. ಇಟಲಿಯಲ್ಲಿ ನೆಲೆಸಿದ ನಮ್ಮಂಥ ಭಾರತದವರಿಗೆ ಪಾಸ್‌ಪೋರ್ಟ್, ಇಟಲಿಯ ರೆಸಿಡೆನ್ಸ್ ಪರ್ಮಿಟ್, ಎರಡೂ ಬೇಕು. ರಸ್ತೆ ಶುರುವಾಗುವುದು ಇಟಲಿಯಲ್ಲಿ, ಮುಗಿಯುವುದು ಫ್ರಾನ್ಸಿನಲ್ಲಿ. ಅದನ್ನು ಮಾಡಿದ್ದು ಇಟಲಿಯ ಸೈನ್ಯ, ಅದೂ ಫ್ರಾನ್ಸಿನ ಮೇಲೆ ಗುಂಡು ಹಾರಿಸುವುದಕ್ಕೆ. ಈಗ ಬೆಟ್ಟದ ತುದಿಯೇ ಫ್ರಾನ್ಸಿನ ಪಾಲಾಗಿದೆ.

ಎತ್ತರ 3,131 ಮೀಟರ್. ರಸ್ತೆ ಶುರುವಾಗುವ ಫೆನಿಲ್ಸ್ ಎಂಬ ಹಳ್ಳಿ ಇರುವುದು ಸುಮಾರು 1,280 ಮೀಟರಿನಲ್ಲಿ. ಅಂದರೆ ಹತ್ತಬೇಕಾದ್ದು ಸುಮಾರು 1,850 ಮೀಟರ್. ನಾನು ಚಿಕ್ಕಮಗಳೂರು ಕಡೆಯವನು. ನಮ್ಮ ಮುಳ್ಳಯ್ಯನಗಿರಿಯನ್ನು ಸಮುದ್ರದ ಮಟ್ಟದಿಂದ ಅಳೆದರೂ 1,930 ಮೀಟರ್ ಅಷ್ಟೇ. ಹೆಚ್ಚುಕಡಿಮೆ ಆ ಇಡೀ ಎತ್ತರವನ್ನು ಇಲ್ಲಿ ಸುಮಾರು 14 ಕಿಲೋಮೀಟರಿನಲ್ಲಿ ಹತ್ತಿ ಮುಗಿಸಬೇಕು. ಸರಾಸರಿ ನೂರು ಮೀಟರಿಗೆ 13 ಮೀಟರ್ ಏರು. ನಮ್ಮ ಘಾಟಿ ರಸ್ತೆಗಳಲ್ಲಿ ಸಾಮಾನ್ಯವಾಗಿ ಇದರ ಅರ್ಧವೂ ಇರುವುದಿಲ್ಲ.

ಕಾರು ಕಂಪನಿ, ಪೊಲಿಟೆಕ್ನಿಕೊ ಎಂಬ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ಅಂತ ಇಟಲಿಯ ತೊರಿನೊಗೆ (ಟ್ಯೂರಿನ್) ಬಂದು ಸೇರಿಕೊಂಡ ಕನ್ನಡದವರು ಒಂದಷ್ಟು ಜನ ಇದ್ದೇವೆ. ಭಾನುವಾರ ಬಂದರೆ ಕೆಲವರು ಕ್ರಿಕೆಟ್ ಆಡುತ್ತಾರೆ, ಕೆಲವರು ಬಿಸಿಬೇಳೆಬಾತ್ ಮಾಡುತ್ತಾರೆ. ನನಗೂ ಹುಬ್ಬಳ್ಳಿಯ ನನ್ನ ಗೆಳೆಯನಿಗೂ ಬೆಟ್ಟದ ಸೈಕಲ್ಲಿನ ಹುಚ್ಚು. ತೊರಿನೊದ ಪಶ್ಚಿಮಕ್ಕೆ ಸೂಸಾ ಕಣಿವೆಯ ಉದ್ದಕ್ಕೂ ಹಳೆಯ ಮಿಲಿಟರಿ ರಸ್ತೆಗಳು ಬೇಕಾದಷ್ಟಿವೆ. ಅಸ್ಸಿಯೆತಾ ಇದೆ, ಯಾಫೆರೋ ಇದೆ, ಫಿನೆಸ್ತ್ರೆ ಇದೆ. ಅವೆಲ್ಲ ಚೆಂದ. ಶಾಬೆರ್ತೋನ್ ಮಾತ್ರ ಬೇರೆ ಜಾತಿ. ಸೈಕಲ್ಲಿನ ಮೇಲೆ ಕೂತು ಹತ್ತುವಷ್ಟೇ ಹೊತ್ತು ಸೈಕಲ್ಲನ್ನು ತಳ್ಳಬೇಕು, ಹೊರಬೇಕು. ಇದು ಗೊತ್ತಿದ್ದೇ ಹೋದೆವು.

ಗೇರಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ನನ್ನದರಲ್ಲಿ ಮುಂದೆ 30 ಹಲ್ಲಿನ ಚಕ್ರ, ಹಿಂದೆ ದೊಡ್ಡದು 51 ಹಲ್ಲು. ಇದಕ್ಕಿಂತ ಗಟ್ಟಿ ಗೇರು ಹಾಕಿಕೊಂಡು ಹೋಗಿ ಮಂಡಿ ಹಾಳು ಮಾಡಿಕೊಳ್ಳಬೇಡಿ. ಟೈರು ಟ್ಯೂಬ್‌ಲೆಸ್ ಇರಲಿ, ಒಳಗೆ ಸೀಲಂಟ್, ಅಂದರೆ ಸಣ್ಣ ತೂತು ತಾನೇ ಮುಚ್ಚುವ ದ್ರವ, ತಾಜಾ ಇರಲಿ. ಗಾಳಿ ಸ್ವಲ್ಪ ಕಡಿಮೆ ಹಾಕಿ. ಗಟ್ಟಿ ಟೈರು ಜಲ್ಲಿಯ ಮೇಲೆ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. ಬ್ರೇಕ್ ಪ್ಯಾಡ್ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ. ನೀರು ತಲಾ ಮೂರು ಲೀಟರ್, ಮೇಲೆ ಸಿಗುತ್ತದೆ ಅಂತ ನಂಬಿ ಹೋಗುವ ಜಾಗ ಅಲ್ಲ. ಬ್ಯಾಟರಿ ಸೈಕಲ್ ಆಗಬಹುದಾ ಅಂತ ಕೇಳುತ್ತಾರೆ. ಆಗಬಹುದು. ಇಪ್ಪತ್ತು ಕಿಲೋಗಿಂತ ಭಾರದ ಆ ಸೈಕಲ್ಲನ್ನು ಕುಸಿದ ಜಾಗಗಳಲ್ಲಿ ಹೆಗಲ ಮೇಲೆ ಹೊರುವವರು ಯಾರು ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ, ಅಷ್ಟೇ.

ಕಾಲವೂ ನೋಡಬೇಕು. ಜೂನ್ ಕೊನೆಯವರೆಗೂ ಮೇಲಿನ ತಿರುವುಗಳಲ್ಲಿ ಹಿಮ ಕೂತಿರುವುದುಂಟು. ಜುಲೈ ಆಗಸ್ಟಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಕಾಟ. ಬೋಳು ತುದಿಯಲ್ಲಿ ಲೋಹದ ಸೈಕಲ್ ಹಿಡಿದು ನಿಂತಾಗ ಸಿಡಿಲು ಬಂದರೆ ಅಡಗುವುದಕ್ಕೆ ಜಾಗ ಇಲ್ಲ. ನಾವು ಹೋಗಿದ್ದು ಸೆಪ್ಟೆಂಬರಿನಲ್ಲಿ, ಎರಡು ದಿನ ಆಕಾಶ ತಿಳಿಯಾಗಿರುತ್ತದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ.

ತೊರಿನೊದಿಂದ ಬಾರ್ದೊನೆಕ್ಕಿಯ ರೈಲು ಹತ್ತಿ ಊಲ್ಕ್ಸ್‌ನಲ್ಲಿ ಇಳಿದೆವು. ಸ್ಟೇಷನ್ನಿನಲ್ಲಿ ಹೊಳೆಯುವ ಬಟ್ಟೆ ಹಾಕಿದ ಸೈಕಲ್ಲಿನವರು ಒಂದು ಕಡೆ. ಸಣ್ಣ ಬ್ಯಾಗು, ತೆಳು ಶೂ ಹಾಕಿಕೊಂಡು ಬೆಂಚಿನ ಮೇಲೆ ಕೂತ ಯುವಕರು ಇನ್ನೊಂದು ಕಡೆ. ಆಫ್ರಿಕಾದಿಂದ, ಅಫ್ಘಾನಿಸ್ತಾನದಿಂದ ಬಂದ ಎಷ್ಟೋ ಜನ ಈ ಊರಿನಿಂದ ಹೊರಟು, ಇದೇ ಬೆಟ್ಟಗಳ ಸಂದಿಯಲ್ಲಿ ರಾತ್ರಿ ನಡೆದು ಫ್ರಾನ್ಸಿಗೆ ದಾಟಲು ನೋಡುತ್ತಾರೆ. ಅವರಲ್ಲೊಬ್ಬ ನನ್ನನ್ನು ನೋಡಿ "ಇಂಡಿಯಾ? ಪಾಕಿಸ್ತಾನ್?" ಅಂತ ಕೇಳಿದ. ಇಂಡಿಯಾ ಅಂದೆ. ಸೈಕಲ್ಲಿನ ಕಡೆ ನೋಡಿ ನಕ್ಕ. ನಾವು ಹೊರಟೆವು.

ಫೆನಿಲ್ಸ್‌ನಿಂದ ಪ್ರಾ ಕ್ಲೌ ಎಂಬ ಪುಟ್ಟ ಹಳ್ಳಿಯವರೆಗೆ ಏನೂ ಕಷ್ಟ ಇಲ್ಲ. ಲಾರ್ಚ್ ಮರಗಳ ನೆರಳು, ಗಟ್ಟಿ ನೆಲ, ಮಾತಾಡಿಕೊಂಡು ಹತ್ತಬಹುದು. ಮಾತಾಡುವಷ್ಟು ಉಸಿರು ಉಳಿಯುವ ವೇಗದಲ್ಲೇ ಹೋಗಬೇಕು ಅನ್ನುವುದು ನನ್ನ ನಿಯಮ. ಗೆಳೆಯ ಅಷ್ಟು ಹೊತ್ತೂ ಹುಬ್ಬಳ್ಳಿಯ ಯಾವುದೋ ಖಾನಾವಳಿಯ ವಿಷಯ ಹೇಳುತ್ತಿದ್ದ. ಪ್ರಾ ಕ್ಲೌ ದಾಟಿ ಸ್ವಲ್ಪ ಹೊತ್ತಿಗೆ ಅವನ ಮಾತು ನಿಂತಿತು.

ಇಲ್ಲಿಂದ ಮೇಲೆ ನಿಜವಾದ ಮಿಲಿಟರಿ ರಸ್ತೆ. ಮೊದಲು ಕಣ್ಣಿಗೆ ಬೀಳುವುದು ಬದಿಯ ಗೋಡೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು. ಕೆಲವು ಕಡೆ ರಸ್ತೆಯೇ ಹೋಗಿಬಿಟ್ಟಿದೆ, ಗೋಡೆ ಇನ್ನೂ ನಿಂತಿದೆ. ಆಮೇಲೆ ಕಾಲಿಗೆ ಗೊತ್ತಾಗುವುದು ಏರಿನ ಹದ. ಏರು ಕಡಿಮೆ ಅಲ್ಲ, ಆದರೆ ಒಂದೇ ಸಮ. ಇದ್ದಕ್ಕಿದ್ದ ಹಾಗೆ ಎದೆ ಒಡೆಯುವ ಚಡಾವು ಎಲ್ಲೂ ಎದುರಾಗುವುದಿಲ್ಲ. ಫಿರಂಗಿ, ಸಿಮೆಂಟು, ಉಕ್ಕಿನ ತಟ್ಟೆ, ಇದನ್ನೆಲ್ಲ ಎಳೆದುಕೊಂಡು ಹೋಗಬೇಕಾದವರು ಮಾಡಿದ ರಸ್ತೆ ಅಲ್ವಾ. ಎಳೆಯುವ ಪ್ರಾಣಿ ನಡುದಾರಿಯಲ್ಲಿ ನಿಂತುಬಿಟ್ಟರೆ ಕೆಲಸ ಕೆಡುತ್ತದೆ. ತಿರುವುಗಳೂ ಅಗಲ. ಉದ್ದನೆಯ ಗಾಡಿ ಹೊರಳುವಷ್ಟು ಜಾಗ ಬಿಟ್ಟಿದ್ದಾರೆ. ಕಾಡಿನ ಕಾಲುದಾರಿಯಲ್ಲಿ ಇಷ್ಟೇ ಏರು ಹತ್ತಿದರೆ ಲಯ ಹತ್ತು ಸಲ ತಪ್ಪುತ್ತದೆ. ಇಲ್ಲಿ ಒಂದೇ ಗೇರಿನಲ್ಲಿ, ಒಂದೇ ಉಸಿರಿನ ಲೆಕ್ಕದಲ್ಲಿ ಹೋಗಬಹುದಿತ್ತು. ಹೋಗಬಹುದಿತ್ತು, ರಸ್ತೆ ಇದ್ದಿದ್ದರೆ.

ರಸ್ತೆ ಅಲ್ಲಲ್ಲಿ ಇಲ್ಲ. ಸೈನ್ಯ ಬಿಟ್ಟು ಹೋದ ಮೇಲೆ ಮೊದಲಿನ ಹಾಗೆ ನೋಡಿಕೊಂಡವರಿಲ್ಲ. ಹಿಮ ಕರಗಿದ ನೀರು ವರ್ಷಕ್ಕೆ ಒಂದಿಷ್ಟು ಕೊಚ್ಚಿಕೊಂಡು ಹೋಗಿದೆ. ಕಿರಿದಾದ ಕಣಿವೆಯೊಳಗೆ ಬಂದಾಗ ಎದುರಿಗೆ ಇದ್ದದ್ದು ಬರೀ ಬಂಡೆ, ಗುಂಡುಕಲ್ಲು, ಅದರ ನಡುವೆ ಒಂದು ಕಾಲುದಾರಿ.

"ಲೇ, ಇದೇನ ರಸ್ತೆ ಐತೋ, ಹಳ್ಳ ಐತೋ?"

"ಮಿಲಿಟರಿ ರಸ್ತೆ ಮಾರಾಯ."

"ಮಿಲಿಟರಿಯವ್ರು ಹೋಗಿ ಎಷ್ಟ ವರ್ಷ ಆತು! ರಸ್ತೆನೂ ಅವರ ಜೋಡಿ ಹೋಗೇತಿ."

ಸೈಕಲ್ ಹೊರುವುದಕ್ಕೂ ಒಂದು ವಿಧಾನ ಇದೆ. ಸುಮ್ನೆ ಎತ್ತಿ ಹೆಗಲಿಗೆ ಹಾಕಿದರೆ ಕೊಳವೆ ಎಲುಬಿಗೆ ಒತ್ತಿ ಹತ್ತು ನಿಮಿಷಕ್ಕೆ ಸಾಕಾಗುತ್ತದೆ. ಬೆನ್ನಿಗೆ ಬ್ಯಾಗು ಹಾಕಿಕೊಂಡು, ಸೈಕಲ್ಲಿನ ಕೆಳಗಿನ ಕೊಳವೆಯನ್ನು ಬ್ಯಾಗಿನ ಮೇಲೆ ಅಡ್ಡ ಕೂರಿಸಬೇಕು. ಒಂದು ಕೈ ಮುಂದಿನ ಫೋರ್ಕಿನ ಮೇಲೆ, ಇನ್ನೊಂದು ಪೆಡಲ್ಲಿನ ಕಡ್ಡಿಯ ಮೇಲೆ. ಭಾರ ಎರಡೂ ಹೆಗಲಿಗೆ ಹಂಚಿಹೋಗುತ್ತದೆ. ಚೈನು ಹೊರಗಡೆಗೆ ಬರುವ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಕುತ್ತಿಗೆಗೆಲ್ಲ ಎಣ್ಣೆಮಸಿ. ಕಡಿದಾದ ಬದಿಯಲ್ಲಿ ಅಡ್ಡ ದಾಟುವಾಗ ಸೈಕಲ್ಲು ಪ್ರಪಾತದ ಕಡೆ ಇರಲಿ, ನಾವು ಗುಡ್ಡದ ಕಡೆ ಇರೋಣ. ಜಾರಿದರೆ ಕೈ ಬಿಡುವುದು ಸುಲಭ. ಸೈಕಲ್ಲು ಹೋದರೆ ಇನ್ನೊಂದು ತರಬಹುದು.

ತಳ್ಳುವುದನ್ನು ಅವಮಾನ ಅಂದುಕೊಳ್ಳುವವರು ಇದ್ದಾರೆ. ನನಗೆ ಆ ಬಿಗುಮಾನ ಅರ್ಥವೇ ಆಗುವುದಿಲ್ಲ. ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಓಲಾಡುತ್ತಾ ಪೆಡಲ್ ತುಳಿಯುವುದಕ್ಕಿಂತ ಇಳಿದು ನಡೆದರೆ ಕಾಲಿನ ಬೇರೆ ಸ್ನಾಯು ಕೆಲಸಕ್ಕೆ ಬರುತ್ತವೆ. ದಣಿವು ಕಡಿಮೆ, ವೇಗ ಹೆಚ್ಚುಕಡಿಮೆ ಅದೇ.

ಮರಗಳು ಮುಗಿದವು. ಹುಲ್ಲು ಬಂತು, ಹುಲ್ಲೂ ಮುಗಿಯಿತು. ಬಂಡೆಯ ಮೇಲೆ ನಿಂತ ಮಾರ್ಮೊಟ್‌ಗಳು, ಅಳಿಲಿನ ಜಾತಿಯ ದಪ್ಪ ಪ್ರಾಣಿಗಳು, ನಮ್ಮನ್ನು ಕಂಡು ಸಿಳ್ಳೆ ಹಾಕಿ ಬಿಲ ಸೇರಿದವು. ಇಲ್ಲಿಂದ ಮೇಲೆ ಇಡೀ ಬೆಟ್ಟ ಡೊಲೊಮೈಟ್ ಕಲ್ಲಿನ ಪುಡಿ, ಬೂದು ಬಣ್ಣದ ಚಕ್ಕೆಗಳ ರಾಶಿ. ಅದರ ಮೇಲೆ ಚಕ್ರ ಉರುಳುವುದು ಒಡೆದ ಹೆಂಚಿನ ಗುಡ್ಡೆಯ ಮೇಲೆ ಸೈಕಲ್ ಹೊಡೆದ ಹಾಗೆ, ಸದ್ದೂ ಅದೇ. ಹಿಂದಿನ ಚಕ್ರ ಜಾರದಂತೆ ಸೀಟಿನ ತುದಿಗೆ ಕೂತು, ಎದೆಯನ್ನು ಹ್ಯಾಂಡಲ್ಲಿನ ಹತ್ತಿರ ತಂದು, ಪೆಡಲ್ಲನ್ನು ಝಾಡಿಸದೆ ದುಂಡಗೆ ತುಳಿಯಬೇಕು. ಹಾಗೆ ಐವತ್ತು ಮೀಟರ್ ಹೋಗುವುದು, ನಿಲ್ಲುವುದು, ಉಸಿರು ತೆಗೆದುಕೊಳ್ಳುವುದು. ಈ ಎತ್ತರದಲ್ಲಿ ಒಂದು ಸಲ ನಿಂತರೆ ಮತ್ತೆ ಹತ್ತಿ ಹೊರಡುವುದೇ ದೊಡ್ಡ ಕೆಲಸ.

2,674 ಮೀಟರಿನಲ್ಲಿ ಶಾಬೆರ್ತೋನ್ ಪಾಸ್. ಬೆಟ್ಟದ ಹೆಗಲು ಅನ್ನಿ. ಗಾಳಿ ಎರಡೂ ಕಡೆಯಿಂದ ಬೀಸುತ್ತದೆ. ಫೋನು ಟಿಂಗ್ ಅಂತು, ಫ್ರಾನ್ಸಿಗೆ ಸ್ವಾಗತ ಅಂತ ಮೆಸೇಜು. ಗಡಿ ದಾಟಿದ್ದು ಎಲ್ಲಿ ಅಂತ ಗೊತ್ತೇ ಆಗಲಿಲ್ಲ.

ಪಾಸಿನ ಸುತ್ತ ನೆಲದಲ್ಲಿ ಇವತ್ತಿಗೂ ತುಕ್ಕು ಹಿಡಿದ ಮುಳ್ಳುತಂತಿ ಬಿದ್ದಿದೆ. ತುದಿಯಲ್ಲಿದ್ದ ಕೋಟೆಯ ಕಾವಲಿಗೆ ಹಾಕಿದ್ದು. ಕಲ್ಲಿನ ಬಣ್ಣಕ್ಕೆ ಬೆರೆತುಹೋಗಿ ಕಾಣುವುದೇ ಇಲ್ಲ. ಗೆಳೆಯನ ಹಿಂದಿನ ಟೈರಿಗೆ ಒಂದು ತುಂಡು ಸಿಕ್ಕಿಕೊಂಡಿತು. ಕಿತ್ತಿದ ಕೂಡಲೇ ಬಿಳಿ ಸೀಲಂಟ್ ಚಿಮ್ಮಿತು. ತೂತು ದೊಡ್ಡದಾದರೆ ಸೀಲಂಟ್ ಒಂದೇ ಸಾಕಾಗುವುದಿಲ್ಲ, ಅಂಟಿನ ರಬ್ಬರ್ ಬತ್ತಿಯನ್ನು ಸೂಜಿಯಲ್ಲಿ ಚುಚ್ಚಿ ತುರುಕಬೇಕು. ಒಂದು ಬತ್ತಿಗೆ ನಿಲ್ಲಲಿಲ್ಲ, ಎರಡು ಹಾಕಿದೆವು. ಪಂಪು ಹೊಡೆಯುವ ಸರದಿ ನನ್ನದು. ಆ ಎತ್ತರದಲ್ಲಿ ಕೈಪಂಪು ಹೊಡೆದು ನೋಡಿ, ನಾನು ಯಾಕೆ ಬೈದುಕೊಂಡೆ ಅಂತ ತಿಳಿಯುತ್ತದೆ.

ಆಗ ಫ್ರಾನ್ಸಿನ ಕಡೆಯಿಂದ ಕೋಲು ಊರಿಕೊಂಡು ಒಬ್ಬ ಹಿರಿಯರು ಹತ್ತಿ ಬಂದರು. ಇಟಲಿಯವರು. ನಮ್ಮ ಪಂಪು ಪುರಾಣ ನೋಡಿ ನಿಂತರು. ವಯಸ್ಸಿನಲ್ಲಿ ಮೋಟಾರ್ ಸೈಕಲ್ಲಿನಲ್ಲಿ ತುದಿಯವರೆಗೆ ಹೋಗಿದ್ದರಂತೆ, ಆಗ ರಸ್ತೆ ಅಷ್ಟು ಚೆನ್ನಾಗಿತ್ತಂತೆ. ಈಗ ಮೋಟಾರು ಗಾಡಿಗಳಿಗೆ ನಿಷೇಧ. "ಒಳ್ಳೆಯದೇ ಆಯಿತು, ನಮ್ಮ ಸದ್ದು ನಮಗೇ ತಲೆನೋವು" ಅಂದರು. ಮೇಲೆ ದಾರಿ ಬಿಟ್ಟು ಹೋಗಬೇಡಿ, ಕಬ್ಬಿಣದ ಏನನ್ನೂ ಮುಟ್ಟಬೇಡಿ ಅಂತಲೂ ಹೇಳಿ ಹೋದರು. ಸಿಡಿಯದೆ ಉಳಿದ ಶೆಲ್ಲು ಇರಬಹುದು ಅನ್ನುವ ಭಯ.

ಪಾಸಿನಿಂದ ತುದಿಗೆ ಇನ್ನೂ 457 ಮೀಟರ್ ಏರು, ಬರೀ ಹೇರ್‌ಪಿನ್ ತಿರುವುಗಳು. ಇಲ್ಲಿ ರಸ್ತೆ ಅಚ್ಚರಿಯಾಗುವಷ್ಟು ಉಳಿದಿದೆ. ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗಕ್ಕೆ ಇಳಿದಿರುತ್ತದೆ, ಪ್ರತಿ ಉಸಿರಿಗೂ ಅಷ್ಟೇ ಆಮ್ಲಜನಕ. ನಾನು ನೇರ ಇರುವ ಕಡೆ ತುಳಿದೆ, ತಿರುವಿನಲ್ಲಿ ಇಳಿದು ತಳ್ಳಿದೆ. ಗೆಳೆಯ ಉಲ್ಟಾ. ತಿರುವಿನಲ್ಲಿ ತುಳಿದು ನೇರದಲ್ಲಿ ತಳ್ಳಿದ. ಅವನ ಲೆಕ್ಕ ಏನು ಅಂತ ಕೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ತುದಿ ಅಂದರೆ ಚೂಪಾಗಿ ಇಲ್ಲ. ಶಿಖರವನ್ನೇ ಕಡಿದು ಮಟ್ಟಸ ಮಾಡಿದ್ದಾರೆ. ಅದರ ಮೇಲೆ ಸಾಲಾಗಿ ಎಂಟು ದುಂಡನೆಯ ಕಲ್ಲುಗೋಪುರ, ಅರ್ಧ ಮುರಿದವು, ಸೀಳಿದವು. ಪ್ರತಿ ಗೋಪುರದ ನೆತ್ತಿಯಲ್ಲಿ ಉಕ್ಕಿನ ಮುಚ್ಚಳದ ಕೆಳಗೆ ಒಂದು 149 ಮಿಲಿಮೀಟರಿನ ಫಿರಂಗಿ ಇತ್ತು. ಗೋಪುರ ಅಷ್ಟು ಎತ್ತರ ಯಾಕೆ ಅಂದರೆ ಹಿಮ. ನೆಲದ ಮಟ್ಟದಲ್ಲಿ ಇಟ್ಟಿದ್ದರೆ ಚಳಿಗಾಲದಲ್ಲಿ ಫಿರಂಗಿ ಹಿಮದಡಿ ಮುಚ್ಚಿಹೋಗುತ್ತಿತ್ತು.

ಪಶ್ಚಿಮದ ಅಂಚಿಗೆ ಹೋಗಿ ನಿಂತರೆ ಎಲ್ಲ ಅರ್ಥವಾಗುತ್ತದೆ. ಕಾಲ ಕೆಳಗೆ ಮೋಂಜೆನೆವ್ರ್ ಘಾಟಿ. ಅದರಾಚೆ ಬ್ರಿಯಾನ್ಸೋಂ ಊರು, ಅದರ ಸುತ್ತ ಗುಡ್ಡಗುಡ್ಡಕ್ಕೂ ಫ್ರೆಂಚರ ಕೋಟೆ. 1882ರಲ್ಲಿ ಇಟಲಿ ಜರ್ಮನಿ, ಆಸ್ಟ್ರಿಯಾಗಳ ಜೊತೆ ಕೂಟ ಕಟ್ಟಿಕೊಂಡಿತ್ತು, ಫ್ರಾನ್ಸ್ ಶತ್ರು. ಆಮೇಲೆ ಈ ರಸ್ತೆ ಬಂತು, ತುದಿಯಲ್ಲಿ ಕೋಟೆ ಎದ್ದಿತು. ಇಷ್ಟು ಎತ್ತರಕ್ಕೆ ಕೆಳಗಿನಿಂದ ಯಾರೂ ಗುಂಡು ಹೊಡೆಯಲಾರರು ಅನ್ನುವುದು ಲೆಕ್ಕಾಚಾರ. ಹಾಗಾಗಿ ಉಕ್ಕಿನ ಮುಚ್ಚಳವನ್ನೂ ತೆಳ್ಳಗೆ ಮಾಡಿದ್ದರು. ಮೊದಲ ಮಹಾಯುದ್ಧ ಬಂದಾಗ ಇಟಲಿ ಪಕ್ಷ ಬದಲಿಸಿ ಫ್ರಾನ್ಸಿನ ಜೊತೆ ಸೇರಿತು, ಕೋಟೆಗೆ ಕೆಲಸವೇ ಬೀಳಲಿಲ್ಲ.

ಕೆಲಸ ಬಿದ್ದದ್ದು 1940ರಲ್ಲಿ. ಜೂನ್ 10ಕ್ಕೆ ಮುಸೊಲಿನಿ ಯುದ್ಧ ಸಾರಿದ. ಫ್ರೆಂಚರು ಬ್ರಿಯಾನ್ಸೋಂ ಹತ್ತಿರ ಗುಡ್ಡಗಳ ಮರೆಯಲ್ಲಿ 280 ಮಿಲಿಮೀಟರಿನ ನಾಲ್ಕು ಮಾರ್ಟರುಗಳನ್ನು ಇಟ್ಟುಕೊಂಡು ಕಾದಿದ್ದರು. ಮಾರ್ಟರು ಗುಂಡನ್ನು ನೇರ ಹೊಡೆಯುವುದಿಲ್ಲ, ಆಕಾಶಕ್ಕೆ ಎಸೆದು ಮೇಲಿನಿಂದ ಬೀಳಿಸುತ್ತದೆ. ಕೋಟೆಯವರಿಗೆ ಅವು ಕಾಣುತ್ತಿರಲಿಲ್ಲ. ಫ್ರೆಂಚರಿಗೆ ಮಾತ್ರ ಆಕಾಶಕ್ಕೆ ಎದುರಾಗಿ ಎಂಟು ಗೋಪುರ ಸಾಲಾಗಿ ಕಾಣುತ್ತಿತ್ತು. ಜೂನ್ 21ರಂದು ಮೋಡ ಸರಿದಾಗ ಲೆಫ್ಟಿನೆಂಟ್ ಮಿಗೆ ಎಂಬಾತನ ತುಕಡಿ ಹೊಡೆಯತೊಡಗಿತು. ಕತ್ತಲಾಗುವುದರೊಳಗೆ ಎಂಟರಲ್ಲಿ ಆರು ಗೋಪುರ ಹಾಳಾಗಿದ್ದವು. ಮೂರು ದಿನಕ್ಕೆ, 24ನೇ ತಾರೀಖು, ಎರಡೂ ದೇಶ ಕದನವಿರಾಮಕ್ಕೆ ಸಹಿ ಹಾಕಿದವು.

ಈ ಕತೆ ನನಗೆ ಮೊದಲೇ ಗೊತ್ತಿತ್ತು. ಆದರೆ ಹದಿನಾಲ್ಕು ಕಿಲೋ ತೂಕದ ಒಂದು ಸೈಕಲ್ಲನ್ನು ಅಲ್ಲಿಗೆ ಸಾಗಿಸಿದ ಮೇಲೆ ಒಂದೊಂದು ಕಲ್ಲನ್ನೂ ನೋಡುವ ರೀತಿ ಬೇರೆಯಾಗುತ್ತದೆ. ಗೆಳೆಯ ಗೋಪುರದ ಗೋಡೆಗೆ ಒರಗಿ ಚಪಾತಿ ಬಿಚ್ಚುತ್ತಾ ಅಂದ, "ಇಷ್ಟ ಹೊತ್ಕೊಂಡ ಬಂದ ಕಟ್ಟಿದ್ದು ಒಂದ ಸಂಜಿಗೆ ಹೋತಲ್ಲೋ." ಚಪಾತಿ ಜೊತೆ ಶೇಂಗಾ ಚಟ್ನಿಪುಡಿ ಇತ್ತು, ಅವರಮ್ಮ ಕಳಿಸಿದ್ದು. ಎಣ್ಣೆ ತರುವುದು ಮರೆಯದೆ ತಂದಿದ್ದ.

ದಕ್ಷಿಣಕ್ಕೆ 3,841 ಮೀಟರಿನ ಮೋನ್‌ವಿಜೊ, ಪಶ್ಚಿಮಕ್ಕೆ 4,102 ಮೀಟರಿನ ಬಾರ್ ದೆಜೆಕ್ರಾನ್‌ನ ಹಿಮ. ಸ್ವಲ್ಪ ಹೊತ್ತು ನೋಡಿದೆವು. ಬೆವರು ಆರಿ ಚಳಿ ಹತ್ತಿತು. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯ ಮೇಲೆ ಕಡಿಮೆಯಾಗುತ್ತದೆ, ಫೆನಿಲ್ಸ್‌ನಲ್ಲಿ ಹಿತವಾಗಿದ್ದ ಬಿಸಿಲು ಇಲ್ಲಿ ಲೆಕ್ಕಕ್ಕಿಲ್ಲ. ಜಾಕೆಟ್ಟು, ಮಂಡಿಗೆ ಕವಚ, ಪೂರ್ತಿ ಬೆರಳಿನ ಕೈಗವಸು ಹಾಕಿಕೊಂಡೆವು.

ಇಳಿಯುವುದನ್ನು ಸುಲಭ ಅಂದುಕೊಂಡವರೇ ಬೀಳುವುದು. ಸೀಟು ಪೂರ್ತಿ ಕೆಳಗಿಳಿಸಿ, ಪೆಡಲ್ಲಿನ ಮೇಲೆ ನಿಂತು, ಮೊಣಕೈ ಸಡಿಲ ಬಿಡಬೇಕು. ಬ್ರೇಕಿಗೆ ಒಂದೇ ಬೆರಳು. ಒತ್ತಿ ಹಿಡಿದೇ ಇಳಿದರೆ ಡಿಸ್ಕ್ ಕಾದು ಹಿಡಿತ ಬಿಡುತ್ತದೆ, ಅದಕ್ಕೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಸಡಿಲ ಕಲ್ಲಿನಲ್ಲಿ ಮುಂದಿನ ಬ್ರೇಕನ್ನು ತಿರುವಿನ ಒಳಗೆ ಹಿಡಿಯಲೇಬಾರದು. ತಿರುವಿಗೆ ಮೊದಲೇ ವೇಗ ಇಳಿಸಿ, ಆಮೇಲೆ ಕಣ್ಣು ಹೋಗಬೇಕಾದ ಕಡೆಗೆ ಇರಲಿ. ಕಣ್ಣು ಪ್ರಪಾತಕ್ಕೆ ಹೋದರೆ ಸೈಕಲ್ಲೂ ಅಲ್ಲಿಗೇ ಹೋಗುತ್ತದೆ. ಪಾಸಿನವರೆಗೆ ಬಂದಾಗ ನನ್ನ ಬೆರಳುಗಳು ಬಿಚ್ಚಲಾಗದಷ್ಟು ಸೆಟೆದಿದ್ದವು.

ಬಂದ ದಾರಿಯಲ್ಲಿ ಇಳಿಯಲಿಲ್ಲ, ಫ್ರಾನ್ಸಿನ ಕಡೆಗೆ ಮೋಂಜೆನೆವ್ರ್‌ಗೆ ಇಳಿದೆವು. ಮೊದಲ ಭಾಗ ಕಡಿದಾದ ಜಲ್ಲಿ, ನಡೆದೇ ಇಳಿದೆವು. ಕೆಳಗೆ ಹುಲ್ಲುಗಾವಲು ಬಂದ ಮೇಲೆ ಕಾಲುದಾರಿ ಸೈಕಲ್ಲಿಗೆ ಒಗ್ಗಿತು. ಚಾರಣದವರು ಎದುರಾದಾಗಲೆಲ್ಲ ಇಳಿದು ದಾರಿ ಬಿಟ್ಟೆವು. ಅದು ಅವರ ದಾರಿ.

ಮೋಂಜೆನೆವ್ರ್‌ನಿಂದ ಡಾಂಬರು ರಸ್ತೆಯಲ್ಲಿ ಇಟಲಿಯ ಕ್ಲವಿಯೆರೆ ಕೂಗಳತೆ. ಬೆಟ್ಟದ ತುದಿ ಫ್ರಾನ್ಸಿಗೆ ಹೋದದ್ದು 1947ರ ಪ್ಯಾರಿಸ್ ಒಪ್ಪಂದದಲ್ಲಿ. ಬ್ರಿಯಾನ್ಸೋಂ ನೆತ್ತಿಯ ಮೇಲೆ ಮತ್ತೆ ಯಾರೂ ಫಿರಂಗಿ ಇಡದಿರಲಿ ಅಂತ ಗಡಿಗೆರೆಯನ್ನು ಬೆಟ್ಟದ ಪೂರ್ವಕ್ಕೆ ಸುತ್ತಿಸಿದರು. 2015ರ ನಂತರ ಫ್ರಾನ್ಸ್ ಗಡಿಯಲ್ಲಿ ತಪಾಸಣೆ ಮತ್ತೆ ಶುರು ಮಾಡಿದೆ. ಇಟಲಿಯ ಕಡೆಯಿಂದ ಬರುವ ಒಂದು ಬಸ್ಸನ್ನು ನಿಲ್ಲಿಸಿ ಪೊಲೀಸರು ಹತ್ತಿದ್ದರು. ನಾವು ಇಟಲಿಗೆ ಹೋಗುವವರು, ನಮ್ಮ ಕಡೆ ಯಾರೂ ನೋಡಲಿಲ್ಲ. ನಾನು ಪರ್ಮಿಟ್ ಕಾರ್ಡು ಬ್ಯಾಗಿನ ಮೇಲಿನ ಜೇಬಿಗೆ ತಂದಿಟ್ಟುಕೊಂಡಿದ್ದು ದಂಡ.

ಚೆಜಾನಾ ದಾಟಿ ಊಲ್ಕ್ಸ್ ತಲುಪಿದಾಗ ಕತ್ತಲಾಗುತ್ತಿತ್ತು. ರೈಲಿನಲ್ಲಿ ಸೈಕಲ್ ನೇತುಹಾಕಿ ಕೂತ ಮೇಲೆ ಟೈರು ಮುಟ್ಟಿ ನೋಡಿದೆವು. ಎರಡೂ ಬತ್ತಿ ಗಟ್ಟಿಯಾಗಿ ಕೂತಿದ್ದವು. ನನ್ನ ಹಿಂದಿನ ಬ್ರೇಕ್ ಪ್ಯಾಡು ತಗಡಿನವರೆಗೆ ಸವೆದಿತ್ತು. ಗೆಳೆಯ ಆಗಲೇ ಫೋನಿನಲ್ಲಿ ಮ್ಯಾಪು ತೆರೆದಿದ್ದ.

"ಮುಂದಿನ ವರ್ಷ ಸೊಮ್ಮೆಯ್ಯೆ. ಅದೂ ಮೂರು ಸಾವಿರ ಮೀಟರ್ ಐತಿ. ರಸ್ತೆ ಗಾಡಿ ಹೋಗೂವಂಥಾದ್ದು."

"ಅದೂ ಮಿಲಿಟರಿಯವರದ್ದಾ?"

"ಇಲ್ಲಲೇ. ಬ್ಯಾಸಗ್ಯಾಗ ಸ್ಕೀ ಆಡಾಕಂತ ಮಾಡಿದ್ದು. ಹಿಮನದಿ ಕರಗಿ ಆಟ ಬಂದ್ ಆತು."

ಹೊರಬೇಕಾಗುತ್ತಾ ಅಂತ ಕೇಳಿದೆ. ಇಲ್ಲ ಅಂದ. ಹಾಗಾದರೆ ಬರುತ್ತೇನೆ ಅಂದೆ.